ಶಿವರಂಜಿನಿಯ ಕೈ ಕೆಳಗಿನವರು

ಮಲ್ಲಿಕಾರ್ಜುನಸ್ವಾಮಿಯವರು ತಮ್ಮ ಐವತ್ತಮೂರು ವರ್ಷದ ಬದುಕಿನಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಅದನ್ನೂ ಅವರು ಬಾಯಿಬಿಟ್ಟು ಹೇಳಿದ್ದಲ್ಲ.

ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಟಪಾಲು ಗುಮಾಸ್ತರು. ಬಂದ ಕಾಗದಕ್ಕೆ ಮೊಹರು ಒತ್ತಿ, ನಂಬರು ಹಾಕಿ, ಮೇಲಿನವರ ಮೇಜಿಗೆ ಕಳಿಸುವುದು ಅವರ ಕೆಲಸ. ಕಾಗದದಲ್ಲಿ ಏನಿದೆ ಎಂದು ಓದುವುದು ಅವರ ಕೆಲಸವಲ್ಲ. ಯಾರಾದರೂ ಬಂದು "ಸ್ವಾಮಿ, ನಮ್ಮ ಅರ್ಜಿ ಏನಾಯ್ತು?" ಎಂದರೆ, ಆಗಿದೆ ಎಂದೂ ಅನ್ನದೆ ಆಗಿಲ್ಲ ಎಂದೂ ಅನ್ನದೆ, ಕನ್ನಡಕವನ್ನು ಸ್ವಲ್ಪ ಕೆಳಗಿಳಿಸಿ ಗಂಭೀರವಾಗಿ ನೋಡುವುದು. ಬಂದವನು ತನಗೆ ಬೇಕಾದ ಉತ್ತರವನ್ನು ತಾನೇ ಊಹಿಸಿಕೊಂಡು ಸಮಾಧಾನದಿಂದ ಹೋಗುತ್ತಿದ್ದ. ಇಪ್ಪತ್ತೆಂಟು ವರ್ಷ ಈ ವಿದ್ಯೆ ಅವರನ್ನು ಕಾಪಾಡಿತ್ತು. ಕೆಡಿಸಿದ್ದು ಮಗಳ ವಿಷಯದಲ್ಲಿ.

ಮಗಳು ಶಿವರಂಜಿನಿ ಬಿ.ಎ. ಮುಗಿಸಿ, ಮೈಸೂರಿನಲ್ಲಿ ಜರ್ಮನ್ ಭಾಷೆ ಕಲಿತು, ಮಾರ್ಚ್ ತಿಂಗಳಲ್ಲಿ ಜರ್ಮನಿಗೆ ಹೋಗಿದ್ದಳು. ಅಲ್ಲಿ ಅವಳ ಕೆಲಸಕ್ಕೆ 'ಓಪೇರ್' ಎಂದು ಹೆಸರು. ಅಂದರೆ ಒಂದು ವರ್ಷ ಅಲ್ಲಿನ ಒಂದು ಸಂಸಾರದ ಜೊತೆ ಅವರ ಮನೆಯಲ್ಲೇ ಇದ್ದು ಅವರ ಮಕ್ಕಳನ್ನು ನೋಡಿಕೊಳ್ಳುವುದು. ಅವರು ಇವಳಿಗೆ ಒಂದು ಕೋಣೆ, ಊಟ, ಕೈಖರ್ಚಿಗೆ ಇಷ್ಟು ಅಂತ ಕೊಟ್ಟು ಭಾಷೆ ಕಲಿಯಲು ಕಳಿಸುವುದು. ಶಿವರಂಜಿನಿ ಇದನ್ನು ಅಪ್ಪನಿಗೆ ನಾಲ್ಕು ಸಲ ಬಿಡಿಸಿ ಹೇಳಿದ್ದಳು. ನಾಲ್ಕು ಸಲವೂ ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅರ್ಥವಾದದ್ದೇ ಕಷ್ಟವಾಗಿತ್ತು. ಬೇರೆಯವರ ಮಕ್ಕಳ ಮೂಗು ಒರೆಸಲು ವಿಮಾನ ಹತ್ತಬೇಕಿತ್ತೇ ಎಂದು ಜನ ಕೇಳಿದರೆ ಏನು ಹೇಳುವುದು?

ಜನ ಹಾಗೆ ಕೇಳಲಿಲ್ಲ. ಒಂದು ಮಧ್ಯಾಹ್ನ ಕಚೇರಿಯಲ್ಲಿ ಜೆರಾಕ್ಸ್ ಮಷೀನು ಗುರಗುಟ್ಟುತ್ತಿದ್ದಾಗ ಹೆಡ್ ಕ್ಲರ್ಕ್ ರಂಗಸ್ವಾಮಿ ಕೇಳಿದ್ದು ಇಷ್ಟೇ:

"ಮಲ್ಲಣ್ಣ, ಮಗ್ಳು ಜರ್ಮನೀಲಿ ಏನಾಗವ್ಳೆ?"

"ಓಪೇರ್."

"ಆಫೀಸರ್ರಾ!" ಎಂದು ರಂಗಸ್ವಾಮಿ ಕುರ್ಚಿಯಿಂದ ಅರ್ಧ ಎದ್ದ.

ಇಲ್ಲಿ ಮಲ್ಲಿಕಾರ್ಜುನಸ್ವಾಮಿಯವರು 'ಅಲ್ಲ' ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವರು ಕನ್ನಡಕವನ್ನು ಸ್ವಲ್ಪ ಕೆಳಗಿಳಿಸಿದರು. ಅಷ್ಟೇ. ಸಂಜೆ ಐದೂವರೆಗೆ ಕಚೇರಿ ಬಾಗಿಲು ಹಾಕುವ ಹೊತ್ತಿಗೆ ಹದಿನಾಲ್ಕು ಜನ ಸಿಬ್ಬಂದಿಯೂ ಅವರ ಕೈ ಕುಲುಕಿದ್ದರು, ಒಬ್ಬ ಮೈಸೂರುಪಾಕನ್ನೂ ತರಿಸಿದ್ದ.

ಸುದ್ದಿ ಉಮ್ಮತ್ತೂರಿಗೆ ಮುಟ್ಟಲು ಎರಡು ದಿನ ಸಾಕಾಯಿತು. ಅಲ್ಲಿ ಅವರ ಅಕ್ಕನ ಗಂಡ ಪುಟ್ಟಬಸಪ್ಪ ಇದ್ದಾರೆ. ಪುಟ್ಟಬಸಪ್ಪನವರ ಮಗ ಪಿಡಿಒ, ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ. ಮಗ ಪಿಡಿಒ ಆದ ದಿನದಿಂದ ಅವರು ಭಾವಮೈದನ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದರು. ಭಾನುವಾರ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಬಂದವರು ಜಗಲಿಯಲ್ಲಿ ಎರಡೂ ಕಾಲು ಕೆಳಗಿಟ್ಟು ಕೂತರು.

"ಯಾವ್ ಡಿಪಾರ್ಟ್‌ಮೆಂಟ್ಲಾ ಮಲ್ಲ?"

ಮಲ್ಲಿಕಾರ್ಜುನಸ್ವಾಮಿಯವರು ಯೋಚಿಸಿದರು. ಅವರು ಸುಳ್ಳು ಹೇಳುವವರಲ್ಲ. "ಮಕ್ಳದು ಭಾವ. ಮಕ್ಳು ಚೆನ್ನಾಗಿರೋ ಅಂಗೆ ನೋಡ್ಕೊಳೋದು."

"ಮಕ್ಕಳ ಕಲ್ಯಾಣ! ಕೈ ಕೆಳಗೆ ಎಷ್ಟ್ ಜನ ಅವ್ರೆ?"

ಆ ಮನೆಯಲ್ಲಿ ಎರಡು ಹೆಣ್ಣುಮಕ್ಕಳಿದ್ದವು. "ಸದ್ಯಕ್ಕೆ ಇಬ್ರು."

"ಕ್ವಾರ್ಟ್ರಸ್ಸು?"

"ಕೊಟ್ಟವ್ರೆ. ಊಟನೂ ಅವ್ರದ್ದೇ."

"ಊಟನೂ!" ಪುಟ್ಟಬಸಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡರು. "ನಮ್ ಐಕನ್ಗೆ ಗೌರ್ಮೆಂಟು ಒಂದ್ ಲೋಟ ಟೀ ಕೊಡಲ್ಲ ಕಣ್ಲಾ. ಊಟ ಕೊಡ್ತರೆ ಅಂದ್ರೆ ಡೀಸಿ ಲೆವೆಲ್ಲು."

ಒಳಗೆ ಕಾಫಿ ಸೋಸುತ್ತಿದ್ದ ಹೆಂಡತಿ ವನಿತಾ ಇದನ್ನೆಲ್ಲ ಕೇಳಿಸಿಕೊಂಡರು. ಭಾವ ಬಸ್ಸಿಗೆ ಹೋದ ಮೇಲೆ ಹೊರಗೆ ಬಂದು, "ನಿಜ ಏಳ್ಬುಡಿ, ಇವತ್ತೇ ಏಳ್ಬುಡಿ" ಎಂದರು.

"ನಾನೇನ್ ಸುಳ್ಳು ಏಳಿದ್ದೀನಾ?" ಎಂದರು ಮಲ್ಲಿಕಾರ್ಜುನಸ್ವಾಮಿಯವರು. ವನಿತಾ ಲೋಟ ತೆಗೆದುಕೊಂಡು ಒಳಗೆ ಹೋದರು.

ಹೀಗೆ ಆರು ತಿಂಗಳು ನಡೆಯಿತು. ಸೆಪ್ಟೆಂಬರ್ ಕೊನೆಗೆ ಶಿವರಂಜಿನಿಯ ಫೋನು ಬಂತು. ಅವಳು ಇರುವ ಮನೆಯವರು ಅಕ್ಟೋಬರ್ ರಜೆಯಲ್ಲಿ ಕೇರಳ ನೋಡಲು ಬರುತ್ತಾರೆ, ಅವಳನ್ನೂ ಕರೆತರುತ್ತಾರೆ, ದಾರಿಯಲ್ಲಿ ಮೂರು ದಿನ ಗುಂಡ್ಲುಪೇಟೆಯಲ್ಲೇ ಇರುತ್ತಾರೆ. "ನಿಮ್ಮನ್ನ ನೋಡ್ಬೇಕಂತೆ ಅಪ್ಪ. ಏನೋ ಮಾತಾಡೋದು ಅದೆಯಂತೆ."

ಮಲ್ಲಿಕಾರ್ಜುನಸ್ವಾಮಿಯವರು ಆ ದಿನ ಬಂದ ಟಪಾಲಿಗೆ ಮೊಹರನ್ನು ತಲೆಕೆಳಗಾಗಿ ಒತ್ತಿದರು. ಜರ್ಮನಿಯ ಸಾಕ್ಷಿಗಳೇ ಮನೆ ಬಾಗಿಲಿಗೆ ಬರುತ್ತಿದ್ದರು. ಹೇಗಾದರೂ ಮಾಡಿ ಯಾರಿಗೂ ಗೊತ್ತಾಗದಂತೆ ಮೂರು ದಿನ ಕಳೆದುಬಿಡಬೇಕು ಎಂದುಕೊಂಡರು. ಆರಡಿ ನಾಲ್ಕಂಗುಲದ ಬಿಳಿಯನೊಬ್ಬನನ್ನು ಗುಂಡ್ಲುಪೇಟೆಯ ಒಂದು ಅಡ್ಡರಸ್ತೆಯಲ್ಲಿ ಬಚ್ಚಿಡುವುದು ಸುಲಭವಲ್ಲ ಎಂಬುದು ಅವರಿಗೆ ಆಗ ಹೊಳೆಯಲಿಲ್ಲ.

ಪುಟ್ಟಬಸಪ್ಪನವರಿಗೆ ಹೇಗೋ ಗೊತ್ತಾಯಿತು. "ಜರ್ಮನಿಯಿಂದ ಅಮ್ಮಿ ಬರ್ತಾವ್ಳಂತೆ, ಜೊತೇಲಿ ಬಿಳೀರೂ ಬರ್ತಾವ್ರಂತೆ. ಯಾರ್ಲಾ ಅವ್ರು?" ಎಂದು ಫೋನಿನಲ್ಲಿ ಕೂಗಿದರು.

"ಅವ್ಳ ಜೊತೆ ಇರೋರು ಭಾವ."

"ಸ್ಟಾಫಾ?"

ಫೋನಿನಲ್ಲಿ ಕನ್ನಡಕ ಇಳಿಸಿದರೆ ಕಾಣುವುದಿಲ್ಲ. ಮಲ್ಲಿಕಾರ್ಜುನಸ್ವಾಮಿಯವರು ಸುಮ್ಮನೆ ಕೆಮ್ಮಿದರು.

"ಸ್ಟಾಫನ್ನೂ ಕಟ್ಕೊಂಡು ರಜಕ್ಕೆ ಬರ್ತಾವ್ಳೆ!" ಎಂದು ಪುಟ್ಟಬಸಪ್ಪ ಫೋನು ಇಟ್ಟರು. ಅರ್ಧ ಗಂಟೆಯಲ್ಲಿ ಮತ್ತೆ ಮಾಡಿ, ತಾವು ಕಾರ್ಯದರ್ಶಿಯಾಗಿರುವ ಉಮ್ಮತ್ತೂರು ಗೆಳೆಯರ ಬಳಗದಿಂದ ಚಾಮರಾಜನಗರದಲ್ಲಿ ಸನ್ಮಾನ ಇಟ್ಟುಕೊಂಡಿರುವುದಾಗಿಯೂ, ಹಾಲ್ ಬುಕ್ ಆಗಿರುವುದಾಗಿಯೂ ತಿಳಿಸಿದರು.

ಕಾರು ಬಂದು ನಿಂತಾಗ ಬೀದಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಮೊದಲು ಇಳಿದವಳು ಶಿವರಂಜಿನಿ. ಅವಳ ಹಿಂದೆ ಇಬ್ಬರು ಹೊಂಗೂದಲ ಹುಡುಗಿಯರು, ದೊಡ್ಡವಳು ಲೀನಾ, ಚಿಕ್ಕವಳು ಮೀಯಾ. ಆಮೇಲೆ ಅವರ ಅಮ್ಮ, ಕೊನೆಗೆ ಬಾಗಿ ಬಾಗಿ ಅಪ್ಪ. ಇಳಿದ ತಕ್ಷಣ ಆ ಮನುಷ್ಯ ಡಿಕ್ಕಿ ತೆಗೆದು, ಶಿವರಂಜಿನಿಯ ದೊಡ್ಡ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು, "ಎಲ್ಲಿ?" ಎಂಬಂತೆ ಅವಳ ಮುಖ ನೋಡಿದ. ಶಿವರಂಜಿನಿ ಬೆರಳು ತೋರಿಸಿದಳು. ಅವನು ನಡೆದ.

ಎದುರು ಮನೆಯ ಪುಟ್ಟಸಿದ್ದಮ್ಮ ಪಕ್ಕದವರಿಗೆ ಹೇಳಿದರು: "ಕಣ್ಣಲ್ಲೇ ಕೆಲ್ಸ ತಗೀತಾಳೆ ನೋಡು."

ಹೆಸರು ಹೇಳಿಸುವ ಶಾಸ್ತ್ರ ಜಗಲಿಯಲ್ಲೇ ನಡೆಯಿತು. ಮಲ್ಲಿಕಾರ್ಜುನಸ್ವಾಮಿಯವರ ತಾಯಿ ಗುರುಸಿದ್ದಮ್ಮ ಎಂಬತ್ತರ ಮುದುಕಿ, ಕಿವಿ ಚುರುಕು. "ಇವ್ರು ಊವೆ, ಅಜ್ಜಿ" ಎಂದಳು ಶಿವರಂಜಿನಿ.

"ಊವೇ?" ಎಂದು ಅಜ್ಜಿ ಆ ಎತ್ತರವನ್ನು ಕಾಲಿನಿಂದ ತಲೆಯವರೆಗೆ ಅಳೆದರು. "ಯಾವ ಊವು? ಚೆಂಡೂವಾ, ಸೇವಂತ್ಗೆಯಾ?"

"ಇವ್ರು ಅವ್ರ ಹೆಂಡ್ತಿ, ಹೈಕೆ."

"ಐಕೆ? ಇಷ್ಟುದ್ದ ಬೆಳ್ದವ್ಳೆ, ಎಲ್ಡು ಎತ್ತವ್ಳೆ, ಇನ್ನೂ ಐಕನಾ?"

ಆ ಸೀಮೆಯಲ್ಲಿ ಐಕ ಎಂದರೆ ಎಳೆಯ ಮಗು. ಹೈಕೆ ಬಗ್ಗಿ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಆ ಮನೆಯವರು ಶಿವರಂಜಿನಿಯ ಉದ್ದ ಹೆಸರನ್ನು ಮಡಚಿ 'ಶಿವಾ' ಎಂದು ಕರೆಯುತ್ತಿದ್ದರು. ಮಕ್ಕಳಂತೂ ಕ್ಷಣಕ್ಕೊಮ್ಮೆ. ಸಂಜೆಯ ಹೊತ್ತಿಗೆ ಗುರುಸಿದ್ದಮ್ಮ ಬೀದಿಗೆಲ್ಲ ಹೇಳಿಬಿಟ್ಟಿದ್ದರು: "ಎದ್ರೆ ಶಿವಾ ಅಂತವೆ, ಕೂತ್ರೆ ಶಿವಾ ಅಂತವೆ. ಅಂತಾ ಭಕ್ತಿ ನಮ್ ಐಕ್ಳಲ್ಲಿ ಇಲ್ಲ ಕಣವ್ವ."

ಪುರಾವೆಗಳು ಒಂದೊಂದಾಗಿ ಒದಗಿ ಬಂದವು. ಮಧ್ಯಾಹ್ನ ಊಟವಾದ ಮೇಲೆ ಊವೆ ಎಲೆ ಎತ್ತಿ, ಎಲ್ಲರ ಲೋಟವನ್ನೂ ಹಿತ್ತಲಿಗೆ ಒಯ್ದು ತೊಳೆದ. ಹೈಕೆ ಮೀಯಾ ಚೆಲ್ಲಿದ ಅನ್ನವನ್ನು ತಾನೇ ಪೊರಕೆ ತಂದು ಗುಡಿಸಿದಳು. ಶಿವರಂಜಿನಿ ಗಂಡಸನ್ನು ಬರೀ ಹೆಸರು ಹಿಡಿದು ಕೂಗುತ್ತಿದ್ದಳು, ಅವನು ಓಡಿ ಬರುತ್ತಿದ್ದ. ಅವಳು ಗಡಿಯಾರ ನೋಡಿ ಏನೋ ಜರ್ಮನಿನಲ್ಲಿ ಅಂದರೆ ನಾಲ್ಕು ಜನವೂ ಒಟ್ಟಿಗೆ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದ ದಿನ ತಪ್ಪಲಿನಲ್ಲಿ ಮೇಲಕ್ಕೆ ಹೋಗುವ ಬಸ್ಸಿಗೆ ಊವೆ ಮುಕ್ಕಾಲು ಗಂಟೆ ಬಿಸಿಲಲ್ಲಿ ಕ್ಯೂ ನಿಂತನೆಂದೂ, 'ಮೇಡಂ' ಮರದ ನೆರಳಲ್ಲಿ ಮಕ್ಕಳ ಜೊತೆ ಸೀಬೆಹಣ್ಣು ತಿನ್ನುತ್ತ ಕೂತಿದ್ದರೆಂದೂ ಕಣ್ಣಾರೆ ಕಂಡವರು ಬಂದು ಹೇಳಿದರು.

ರಂಗಸ್ವಾಮಿ ಕಚೇರಿಯ ಆರು ಜನರನ್ನು ಕರೆದುಕೊಂಡು ಒಂದು ಮನವಿ ಪತ್ರದ ಸಮೇತ ಬಂದ. ತನ್ನ ಬೀದಿಯ ಅಂಗನವಾಡಿಗೆ ಜರ್ಮನಿಯಿಂದ ಒಂದು ಕಾಂಪೌಂಡು ಆಗಬೇಕಿತ್ತು. ಮನವಿ ಕೊಡುವ ಮುಂಚೆ ಬಾಗಿಲಲ್ಲಿ ನೀರಿನ ಕ್ಯಾನು ಬಂತು. ರಂಗಸ್ವಾಮಿ ಕೈ ಬೀಸಿ ಊವೆಗೆ, "ಏಯ್, ಇದ ತಕ್ಕೊಂಡೋಗಿ ಒಳಗಿಡಪ್ಪ" ಎಂದ. ಊವೆ ನಗುತ್ತ ಕ್ಯಾನು ಎತ್ತಿಕೊಂಡು ಹೋದ. ಅವನ ಜೊತೆಗೇ ತಮ್ಮ ಜೀವವೂ ಹೋದಂತೆ ಮಲ್ಲಿಕಾರ್ಜುನಸ್ವಾಮಿಯವರು ಕಂಬ ಹಿಡಿದುಕೊಂಡರು. ಊವೆ ವಾಪಸ್ಸು ಬಂದು ಅವರಿಗೆ ಕೇಳಿಸುವಂತೆ ಇಂಗ್ಲಿಷಿನಲ್ಲಿ ಹೇಳಿದ್ದು, ಬೇರೆ ದೇಶಗಳಲ್ಲಿ ತನ್ನನ್ನು ಪ್ರವಾಸಿಯಂತೆ ನೋಡುತ್ತಾರೆ, ಇಲ್ಲಿ ಮಾತ್ರ ಮನೆಯವನಂತೆ ನೋಡುತ್ತಿದ್ದಾರೆ, ತನಗೆ ತುಂಬ ಸಂತೋಷವಾಗಿದೆ ಎಂದು.

ಶಿವರಂಜಿನಿ ಮನವಿ ಪತ್ರ ಓದಿದಳು. ಮೇಲಿನ ಸಾಲಿನಲ್ಲಿ 'ಮಾನ್ಯ ಅಧಿಕಾರಿಗಳಿಗೆ' ಎಂದಿತ್ತು.

"ಇದು ಯಾರಿಗಪ್ಪ?"

"ಯಾರಿಗೋ ಇರ್ಬೇಕು. ಟಪಾಲು ಅದಲು ಬದಲಾಗ್ಯದೆ" ಎಂದು ಮಲ್ಲಿಕಾರ್ಜುನಸ್ವಾಮಿಯವರು ಅದನ್ನು ಕಸಿದು ಜೇಬಿಗಿಟ್ಟುಕೊಂಡರು.

ಮೂರನೆಯ ದಿನ ಸನ್ಮಾನ. ಹತ್ತೂವರೆಗೆ ಎಂದಿದ್ದ ಕಾರ್ಯಕ್ರಮಕ್ಕೆ ಇವರ ಕಾರು ಹನ್ನೊಂದೂವರೆಗೆ ಚಾಮರಾಜನಗರ ತಲುಪಿ, ಬೇಗ ಬಂದಂತಾಗಿತ್ತು. ಹಾಲ್ ಮುಂದೆ ಒಂದು ಫ್ಲೆಕ್ಸು, ವೇದಿಕೆಯ ಹಿಂದೆ ಅದೇ ಫ್ಲೆಕ್ಸು ಇನ್ನೂ ದೊಡ್ಡದು. ಶಿವರಂಜಿನಿಯ ಕಾಲೇಜಿನ ಫೋಟೋಗೆ ಯಾರೋ ಕಂಪ್ಯೂಟರಿನಲ್ಲಿ ಕರಿಕೋಟು ತೊಡಿಸಿದ್ದರು. ಕೆಳಗೆ: 'ಜರ್ಮನಿಯ ಮಕ್ಕಳ ಕಲ್ಯಾಣ ಅಧಿಕಾರಿ, ಉಮ್ಮತ್ತೂರಿನ ಹೆಮ್ಮೆಯ ಪುತ್ರಿ, ಕುಮಾರಿ ಶಿವರಂಜಿನಿ ಅವರಿಗೆ ಹಾರ್ದಿಕ ಸುಸ್ವಾಗತ.' ಉಮ್ಮತ್ತೂರಿನ ಹೆಮ್ಮೆಯ ಪುತ್ರಿ ಹುಟ್ಟಿದ್ದು ಬೆಳೆದದ್ದು ಗುಂಡ್ಲುಪೇಟೆಯಲ್ಲಿ. ಆದರೆ ಆ ಫ್ಲೆಕ್ಸಿನಲ್ಲಿ ಅದು ಸಣ್ಣ ತಪ್ಪು.

ಶಿವರಂಜಿನಿ ಕಾರಿನಲ್ಲಿ ಕೂತೇ ಎರಡು ಸಲ ಓದಿದಳು.

"ಅಪ್ಪ, ಏನಿದು?"

"ಪ್ರಿಂಟಿಂಗ್ ಮಿಸ್ಟೇಕು."

ಅವಳು ಕೂಗಾಡಲಿಲ್ಲ. ಮೀಯಾಳ ಕೂದಲಿಗೆ ಕ್ಲಿಪ್ಪು ಹಾಕುತ್ತ, ತಲೆ ಎತ್ತದೆ ಕೇಳಿದಳು: "ನಾನ್ ಮಾಡೋ ಕೆಲ್ಸ ಏಳಕ್ಕೆ ನಿಂಗೆ ಅಷ್ಟು ನಾಚ್ಕೆಯಾ?"

ಮಲ್ಲಿಕಾರ್ಜುನಸ್ವಾಮಿಯವರ ಕೈ ಕನ್ನಡಕದವರೆಗೆ ಹೋಗಿ ನಿಂತಿತು. ಕಾರಿನ ಬಾಗಿಲು ತೆರೆಯಿತು. ಪುಟ್ಟಬಸಪ್ಪ ಹಾರ ಹಿಡಿದು ನಿಂತಿದ್ದರು.

ಶಿವರಂಜಿನಿಯನ್ನೂ ಅವಳ ಅಪ್ಪನನ್ನೂ ವೇದಿಕೆಗೆ ಹತ್ತಿಸಿದರು. ಊವೆ, ಹೈಕೆಯರನ್ನು ಪುಟ್ಟಬಸಪ್ಪ ಖುದ್ದಾಗಿ ತೋಳು ಹಿಡಿದು ಹಾಲಿನ ಹಿಂಭಾಗಕ್ಕೆ ಒಯ್ದರು. ಅಲ್ಲಿ ತಿಂಡಿ ವ್ಯವಸ್ಥೆ. ಬಡಿಸುವವರು ಇಬ್ಬರು ಕೈಕೊಟ್ಟಿದ್ದರು. ತಿಂಡಿ ಮೊದಲೇ ಕೊಡದಿದ್ದರೆ ಭಾಷಣಕ್ಕೆ ಜನ ಕೂರುವುದಿಲ್ಲವೆಂಬುದು ಬಳಗದ ಅನುಭವ. ಊವೆಯ ಕೈಗೆ ಉಪ್ಪಿಟ್ಟಿನ ಬಕೆಟ್ಟು, ಹೈಕೆಯ ಕೈಗೆ ಕೇಸರಿಬಾತಿನ ತಟ್ಟೆ ಬಂತು. ಇಬ್ಬರೂ ಇದು ಇಲ್ಲಿನ ಸಂಪ್ರದಾಯವೆಂದು ತಿಳಿದು, ಸಾಲು ತಪ್ಪದಂತೆ ಇನ್ನೂರು ಜನಕ್ಕೆ ಬಡಿಸಿದರು. ಒಬ್ಬ ಜರ್ಮನ್ ಬಡಿಸಿದರೆ ಎಲ್ಲರಿಗೂ ಒಂದೇ ಅಳತೆ ಬೀಳುತ್ತದೆ ಎಂದು ಅಂದು ಚಾಮರಾಜನಗರಕ್ಕೆ ತಿಳಿಯಿತು.

"ಏಯ್ ಊವೆ, ಚಟ್ನಿ!" ಎಂದು ಪುಟ್ಟಬಸಪ್ಪ ಮೊದಲ ಸಾಲಿನಿಂದ ಕೂಗಿದರು. ಚಟ್ನಿ ಎಂಬ ಪದ ಜರ್ಮನಿಯನ್ನೂ ತಲುಪಿದೆ. ಊವೆ ಚಟ್ನಿ ತಂದ. "ಐಕೆ, ನೀರು!" ಎಂದರು. ಹೈಕೆಗೆ ಅರ್ಥವಾಗಲಿಲ್ಲ. ಪುಟ್ಟಬಸಪ್ಪ ಹೆಬ್ಬೆರಳನ್ನು ಬಾಯಿಗೆ ತೋರಿಸಿದರು. ನೀರೂ ಬಂತು.

ಅಧ್ಯಕ್ಷತೆ ದೊಡ್ಡಯ್ಯ ಮೇಷ್ಟ್ರದು. ನಿವೃತ್ತ ಮುಖ್ಯೋಪಾಧ್ಯಾಯರು, ಎಪ್ಪತ್ತಾರು ವರ್ಷ. ಮೈಕಿನ ಮುಂದೆ ನಿಂತರೆ ಅವರ ಭಾಷೆ ಬೇರೆಯೇ ಆಗಿಬಿಡುತ್ತಿತ್ತು.

"ಜರ್ಮನಿಯೆಂಬ ಬಲಾಢ್ಯ ರಾಷ್ಟ್ರವು ತನ್ನ ಸಮಸ್ತ ಶಿಶುಗಳ ಯೋಗಕ್ಷೇಮವನ್ನು ನಮ್ಮ ನೆಲದ ಓರ್ವ ಹೆಣ್ಣುಮಗಳಿಗೆ ಒಪ್ಪಿಸಿದೆ. ಆಕೆಯ ಸಿಬ್ಬಂದಿಯಾದ ಈ ದಂಪತಿಗಳು ಎಷ್ಟು ವಿನಯದಿಂದ ಉಪ್ಪಿಟ್ಟು ಬಡಿಸಿದರೆಂಬುದನ್ನು ತಾವೇ ಕಂಡಿರಿ. ಅಧಿಕಾರಿ ಹೇಗೋ ಸಿಬ್ಬಂದಿ ಹಾಗೆ."

ಚಪ್ಪಾಳೆ ಬಿತ್ತು. ಹಿಂದೆ ನಿಂತಿದ್ದ ಊವೆ, ಹೈಕೆಯರೂ ಎಲ್ಲರ ಜೊತೆ ಜೋರಾಗಿ ಚಪ್ಪಾಳೆ ತಟ್ಟಿದರು. ಅವರಿಗೆ 'ಜರ್ಮನಿ' ಎಂಬ ಒಂದೇ ಪದ ತಿಳಿದಿತ್ತು.

"ಈಗ ಮಾನ್ಯ ಅಧಿಕಾರಿಗಳು ಎರಡು ಮಾತನಾಡಬೇಕು."

ಶಿವರಂಜಿನಿ ಎದ್ದಳು. ಅವಳು ಏನು ಹೇಳಲಿದ್ದಾಳೆ ಎಂಬುದು ಅವಳ ನಡಿಗೆಯಲ್ಲೇ ಅವಳಪ್ಪನಿಗೆ ತಿಳಿಯಿತು. ಅವಳು ಮೈಕಿನ ಬಳಿಗೆ ಹೋಗಲು ಐದು ಹೆಜ್ಜೆ. ಅಷ್ಟರಲ್ಲಿ ಮಲ್ಲಿಕಾರ್ಜುನಸ್ವಾಮಿಯವರು ಲೆಕ್ಕ ಹಾಕಿದರು: ನಾನು ಆಫೀಸರ್ ಅಲ್ಲ ಎಂದು ಅವಳು ಹೇಳಿದರೆ, ನನ್ನಪ್ಪ ಸುಳ್ಳುಗಾರ ಎಂದು ಇನ್ನೂರು ಜನದ ಮುಂದೆ ಅವಳ ಬಾಯಿಂದಲೇ ಹೇಳಿಸಿದಂತೆ. ಮೂರನೆಯ ಹೆಜ್ಜೆಗೆ ಅವರು ಎದ್ದು ನಿಂತಿದ್ದರು. ಕುರ್ಚಿ ಹಿಂದಕ್ಕೆ ಬಿತ್ತು.

"ತಡೀರಿ! ಪ್ರಿಂಟಿಂಗ್ ಮಿಸ್ಟೇಕ್ ಆಗ್ಯದೆ!"

ವೇದಿಕೆಯ ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕದಲ್ಲಿದ್ದ ದಪ್ಪ ಸ್ಕೆಚ್ ಪೆನ್ನು ಎತ್ತಿಕೊಂಡು, ಬಿದ್ದ ಕುರ್ಚಿಯನ್ನು ಎತ್ತಿ ಫ್ಲೆಕ್ಸಿನ ಕೆಳಗಿಟ್ಟು, ಅದರ ಮೇಲೆ ಹತ್ತಿ ನಿಂತರು. 'ಕಲ್ಯಾಣ ಅಧಿಕಾರಿ' ಎಂಬ ಎರಡು ಪದಗಳನ್ನು ಉದ್ದಕ್ಕೆ ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ದುಂಡಗೆ 'ನೋಡಿಕೊಳ್ಳುವ ಹುಡುಗಿ' ಎಂದು ಬರೆದರು. ತಿದ್ದಿದ ಕಡೆ ಚುಟುಕು ಸಹಿ ಇಲ್ಲದಿದ್ದರೆ ತಿದ್ದುಪಡಿ ಸಿಂಧುವಲ್ಲವಾದ್ದರಿಂದ ಪಕ್ಕದಲ್ಲಿ ಸಹಿ ಮಾಡಿ ತಾರೀಖು ಹಾಕಿದರು.

ದೊಡ್ಡಯ್ಯ ಮೇಷ್ಟ್ರು ಕತ್ತೆತ್ತಿ ನಿಧಾನವಾಗಿ ಓದಿದರು: "ಜರ್ಮನಿಯ ಮಕ್ಕಳ ನೋಡಿಕೊಳ್ಳುವ ಹುಡುಗಿ." ಅವರ ಹುಬ್ಬು ಗಂಟಿಕ್ಕಿತು. "ಮಕ್ಕಳನ್ನು. ದ್ವಿತೀಯಾ ವಿಭಕ್ತಿ."

ಮಲ್ಲಿಕಾರ್ಜುನಸ್ವಾಮಿಯವರು ಮತ್ತೆ ಕುರ್ಚಿ ಹತ್ತಿ 'ನ್ನು' ಸೇರಿಸಿದರು. ಅದಕ್ಕೂ ಸಹಿ ಹಾಕಿದರು. ಆಮೇಲೆ ಕುರ್ಚಿಯ ಮೇಲಿಂದಲೇ, ಮೈಕಿಲ್ಲದೆ, ಹೇಳಿದರು:

"ಆಫೀಸರ್ ಅಲ್ಲ. ಓಪೇರ್. ಅವ್ರ ಮನೇಲಿದ್ಕೊಂಡು ಅವ್ರ ಎಲ್ಡು ಐಕ್ಳ ನೋಡ್ಕೊತಾಳೆ. ಸ್ನಾನ ಮಾಡಿಸ್ತಾಳೆ, ಊಟ ತಿನ್ನಿಸ್ತಾಳೆ, ಇಸ್ಕೂಲಿಗೆ ಬುಟ್ಟು ಬರ್ತಾಳೆ. ಅವ್ಳು ನಂಗೆ ನಿಜಾನೇ ಏಳಿದ್ಲು. ನಾನು ನಿಮ್ಗೆ ಏಳ್ಲಿಲ್ಲ."

"ಲೇ ಮಲ್ಲಾ!" ಪುಟ್ಟಬಸಪ್ಪ ಎದ್ದರು. "ಬಳಗದ ಮಾನ ಕಳ್ದಲ್ಲೋ! ಅಂಗಾದ್ರೆ ಇವ್ರಿಬ್ರು ಯಾರ್ಲಾ?"

"ಅವ್ಳಿರೋ ಮನೆ ಯಜಮಾನ್ರು ಭಾವ."

"ಯಜಮಾನ್ರ ಕೈಲಿ ಉಪ್ಪಿಟ್ಟು ಬಡಿಸ್ಕಂಡ್ವಾ!" ಎಂದು ಯಾರೋ ಕೂಗಿದರು. ಇನ್ನೂರು ಜನ ಒಟ್ಟಿಗೆ ಹಿಂತಿರುಗಿ ನೋಡಿದರು. ಊವೆ ಖಾಲಿ ಬಕೆಟ್ಟು ಎತ್ತಿ ತೋರಿಸಿ, ಮುಗಿದಿದೆ ಎಂದು ವಿಷಾದದಿಂದ ತಲೆಯಾಡಿಸಿದ.

"ಏನ್ ಕೆಲ್ಸ ಅಮ್ಮಿ ಅವ್ರದ್ದು?" ಪುಟ್ಟಬಸಪ್ಪನವರ ಧ್ವನಿ ಸ್ವಲ್ಪ ಇಳಿದಿತ್ತು.

ಶಿವರಂಜಿನಿ ಈಗ ಮೈಕಿನ ಮುಂದೆ ಇದ್ದಳು. "ಊವೆ ಮಕ್ಳಿಗೆ ಪಿಯಾನೊ ಏಳ್ಕೊಡ್ತಾರೆ ಮಾವ. ಹೈಕೆ ಜಡ್ಜು."

"ಯಾವ್ ತರ ಜಡ್ಜು?"

"ಕೋರ್ಟ್ ಜಡ್ಜು."

ಪುಟ್ಟಬಸಪ್ಪನವರಿಗೂ ಅವರ ದಾಯಾದಿಗಳಿಗೂ ಒಂದು ಬದುವಿನ ಸಂಬಂಧ ಒಂಬತ್ತು ವರ್ಷದಿಂದ ಕೇಸು ನಡೆಯುತ್ತಿತ್ತು. ಒಂಬತ್ತು ವರ್ಷ ಅವರು ಜಡ್ಜನ್ನು ಕಂಡದ್ದು ದೂರದಿಂದ, ಕೈ ಕಟ್ಟಿಕೊಂಡು. ಈಗ ಹತ್ತು ನಿಮಿಷದ ಹಿಂದೆ ಒಬ್ಬ ಜಡ್ಜಿಗೆ ಹೆಬ್ಬೆರಳು ತೋರಿಸಿ ನೀರು ತರಿಸಿಕೊಂಡಿದ್ದರು. ಅವರು ಸಾಲುಗಳನ್ನು ದಾಟಿ ಓಡಿದ ವೇಗಕ್ಕೆ ಎರಡು ಕುರ್ಚಿ ಬಿದ್ದವು. ಹೈಕೆಯ ಕೈಯಿಂದ ಕೇಸರಿಬಾತಿನ ತಟ್ಟೆ ಕಸಿದುಕೊಂಡು, ಅವಳನ್ನು ಮೊದಲ ಸಾಲಿನ ಸೋಫಾದಲ್ಲಿ ಕೂರಿಸಿ, ಅದೇ ತಟ್ಟೆಯಿಂದ ಅವಳಿಗೆ ನಾಲ್ಕು ಸಲ ಬಡಿಸಿದರು. ಅವಳು ಸಾಕೆಂದು ಕೈ ಅಡ್ಡ ಹಿಡಿದಷ್ಟೂ ಇವರ ಭಯ ಹೆಚ್ಚಾಯಿತು.

"ಅಮ್ಮಿ, ನಮ್ ಕೇಸ್ನ ಏನೂ ಮಾಡ್ಬೇಡಿ ಅಂತ ಏಳು."

"ಅವ್ರು ಜರ್ಮನಿ ಜಡ್ಜು ಮಾವ."

"ಇದ್ಕಳ್ಳಿ. ಜಡ್ಜು ಜಡ್ಜು ಫೋನಲ್ಲಿ ಮಾತಾಡಲ್ವಾ?"

ಈ ನಡುವೆ 'ಸನ್ಮಾನ ರದ್ದು ಮಾಡಿ' ಎಂದು ಮಧ್ಯದ ಸಾಲಿನಿಂದ ಒಂದು ಕೂಗು, 'ಶಾಲು ತಂದಾಗ್ಯದೆ' ಎಂದು ಖಜಾಂಚಿಯಿಂದ ಒಂದು ಕೂಗು ಎದ್ದವು. ದೊಡ್ಡಯ್ಯ ಮೇಷ್ಟ್ರು ಮೈಕಿನ ತಲೆಯನ್ನು ಎರಡು ಸಲ ತಟ್ಟಿದರು. ಈ ಸಲ ಅವರು ಪುಸ್ತಕದ ಭಾಷೆ ಬಿಟ್ಟರು.

"ಕೂತ್ಕಳ್ರೋ. ನಾನೂ ಮೂವತ್ತಾರು ವರ್ಷ ಬೇರೆಯವ್ರ ಮಕ್ಳನ್ನೇ ನೋಡ್ಕಂಡೋನು. ಮೂಗೂ ಒರ್ಸಿವ್ನಿ. ನೀವೇ ಸೇರ್ಕಂಡು ನಂಗೆ ಎಲ್ಡು ಸಲ ಶಾಲು ಒದಿಸಿದ್ದೀರಿ. ಆಗ ಯಾರೂ ರದ್ದು ಮಾಡ್ಲಿಲ್ಲ." ಆಮೇಲೆ ಗಂಟಲು ಸರಿಪಡಿಸಿಕೊಂಡು, "ತಿದ್ದುಪಡಿ ಸಮೇತ ಸನ್ಮಾನವು ಮುಂದುವರಿಯತಕ್ಕದ್ದು" ಎಂದರು.

ಶಾಲು ಹೊದಿಸಿದರು. ಮೈಸೂರು ಪೇಟ ಶಿವರಂಜಿನಿಯ ತಲೆಗೆ ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು. ಮೀಯಾ ಅದನ್ನು ಕೇಳಿ ಅತ್ತದ್ದರಿಂದ ಅವಳ ತಲೆಗೆ ಇಟ್ಟರು. ಜಡ್ಜ್ ಮೇಡಂ ಮಾತನಾಡಬೇಕೆಂದು ಪುಟ್ಟಬಸಪ್ಪ ಕೈ ಮುಗಿದು ಬೇಡಿಕೊಂಡರು. ಹೈಕೆ ಇಂಗ್ಲಿಷಿನಲ್ಲಿ ಮಾತನಾಡಿದಳು, ಶಿವರಂಜಿನಿ ಕನ್ನಡ ಮಾಡಿದಳು.

"ಮೊದಲು ನಾನು ಕೋರ್ಟಿಗೆ ಹೊರಟರೆ ಮಕ್ಕಳು ಅಳುತ್ತಿದ್ದರು. ಈಗ ನಾನು ಹೊರಟರೆ ಟಾಟಾ ಮಾಡುತ್ತಾರೆ. ಭಾನುವಾರ..." ಶಿವರಂಜಿನಿ ಅಲ್ಲಿಗೆ ನಿಲ್ಲಿಸಿ, ಇಷ್ಟೇ ಎಂದು ಮೈಕು ಕೊಟ್ಟುಬಿಟ್ಟಳು.

"ಇನ್ನೊಂದ್ ಸಾಲು ಅಂದ್ರು ಆಯಮ್ಮ, ನಂಗೆ ಕೇಳಿಸ್ತು" ಎಂದು ಇಂಗ್ಲಿಷ್ ಬಲ್ಲ ಒಬ್ಬ ಕೂತಲ್ಲಿಂದಲೇ ಎದ್ದು ಅದನ್ನು ಪೂರ್ತಿ ಮಾಡಿದ: "ಭಾನುವಾರ ಈ ಹುಡುಗಿ ಹೊರಗೆ ಹೊರಟ್ರೆ ಅಳ್ತವಂತೆ."

ಮಲ್ಲಿಕಾರ್ಜುನಸ್ವಾಮಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಅದರ ಗಾಜಿಗೆ ಸ್ಕೆಚ್ ಪೆನ್ನಿನ ಮಸಿ ಹತ್ತಿಕೊಂಡು ಆ ದಿನವೆಲ್ಲ ಅವರಿಗೆ ಜಗತ್ತು ಸ್ವಲ್ಪ ನೀಲಿಯಾಗಿ ಕಂಡಿತು.

ಸಂಜೆ ಮನೆಯಲ್ಲಿ ಎಲ್ಲರೂ ನಡುಮನೆಯ ಚಾಪೆಯ ಮೇಲೆ ಕೂತಿದ್ದಾಗ ಮಲ್ಲಿಕಾರ್ಜುನಸ್ವಾಮಿಯವರು ಎದ್ದು ನಿಂತು, ಕಚೇರಿಯ ಇಂಗ್ಲಿಷಿನಲ್ಲಿ ಊವೆಯ ಕ್ಷಮೆ ಕೇಳಿದರು. ತಾವು ಅವನನ್ನು ಮೂರು ದಿನ ಪ್ಯೂನ್ ಮಾಡಿದ್ದಾಗಿಯೂ, ಅದು ಅಚಾತುರ್ಯವೆಂದೂ, ಮನ್ನಿಸಬೇಕೆಂದೂ ಕೋರಿದರು. ಊವೆ ಅರ್ಥವಾಗದೆ ಶಿವರಂಜಿನಿಯ ಕಡೆ ನೋಡಿದ. ಅವಳು ಮೊದಲಿನಿಂದ ಎಲ್ಲವನ್ನೂ ವಿವರಿಸಿದಳು. ಅವನು ನಕ್ಕ ಸದ್ದಿಗೆ ಎದುರು ಮನೆಯ ಪುಟ್ಟಸಿದ್ದಮ್ಮ ಬಾಗಿಲು ತೆಗೆದರು. ಆಮೇಲೆ ಅವನು ಸ್ವಲ್ಪ ಬೇಸರದಿಂದ, ಹಾಗಾದರೆ ಇಲ್ಲಿ ಎಲ್ಲ ಅತಿಥಿಗಳೂ ಉಪ್ಪಿಟ್ಟು ಬಡಿಸುವುದಿಲ್ಲವೇ ಎಂದು ಕೇಳಿದ.

ಹೈಕೆ ತಾನು ಬಂದ ವಿಷಯ ತೆಗೆದಳು. ಶಿವರಂಜಿನಿಯ ಒಂದು ವರ್ಷ ಫೆಬ್ರವರಿಗೆ ಮುಗಿಯುತ್ತದೆ. ಅಲ್ಲಿ ಶಿಶುವಿಹಾರದ ಮಕ್ಕಳನ್ನು ನೋಡಿಕೊಳ್ಳುವವರಿಗೆ ಒಂದು ಓದು ಇದೆ. ಶಿವರಂಜಿನಿ ಅದನ್ನು ಓದಲು ಇಷ್ಟಪಟ್ಟಿದ್ದಾಳೆ, ಶಾಲೆಯವರೂ ಒಪ್ಪಿದ್ದಾರೆ. ಅಷ್ಟು ದಿನವೂ ಅವಳು ತಮ್ಮ ಮನೆಯಲ್ಲೇ ಇರಬಹುದು, ಆ ಕೋಣೆ ಅವಳದೇ. ಆದರೆ ಹೆತ್ತವರನ್ನು ಕಣ್ಣಾರೆ ಕಂಡು ಕೇಳದೆ ತಾವು ಹೇಗೆ ಹೂಂ ಎನ್ನುವುದು?

ಶಿವರಂಜಿನಿ ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತಿದ್ದಳು. ಗುರುಸಿದ್ದಮ್ಮ ಮೀಯಾಳನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು.

"ಎಷ್ಟ್ ವರ್ಷದ ಓದು?" ಎಂದರು ಮಲ್ಲಿಕಾರ್ಜುನಸ್ವಾಮಿಯವರು.

"ಮೂರು ವರ್ಷ ಅಪ್ಪ."

"ಮಕ್ಳ ನೋಡ್ಕೊಳೋದ ಕಲಿಯಕ್ಕೆ ಮೂರು ವರ್ಷಾನಾ?"

ಮೂರು ದಿನದಿಂದ ಒಲೆಯ ಮುಂದೆಯೇ ಇದ್ದ ವನಿತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಸೌಟಿತ್ತು.

"ಒಬ್ಳೇ ಒಬ್ಳು ಮಗ್ಳ ಎತ್ತು ಕೊಟ್ಟು ಇಪ್ಪತ್ತೆಲ್ಡು ವರ್ಷ ಆಯ್ತು, ಅವ್ಳ ನೋಡ್ಕೊಳೋದು ನಿಮ್ಗೆ ಇವತ್ತು ಮಧ್ಯಾಹ್ನ ಗಂಟ ಬರ್ಲಿಲ್ಲ. ಅವ್ರು ಮೂರೇ ವರ್ಷಕ್ಕೆ ಕಲಿಸ್ತೀವಿ ಅಂತವ್ರೆ. ಸುಮ್ನೆ ಹೂಂ ಅನ್ನಿ."

ಮಲ್ಲಿಕಾರ್ಜುನಸ್ವಾಮಿಯವರು ಹೂಂ ಅಂದರು. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ಅಂದರು.